ಪೋರ್ಟೋದಲ್ಲಿ ಒಂದೇ ದಿನವಿದ್ದರೆ ಕಣಿವೆಯ ಆಸೆ ಬಿಡಿ

ಪೋರ್ಚುಗಲ್‌ನ ಪೋರ್ಟೋಗೆ ಹೋಗುವವರು ಒಂದೇ ದಿನದಲ್ಲಿ ಹಳೇ ಊರು, ಡೌರೊ ಕಣಿವೆಯ ದ್ರಾಕ್ಷಿತೋಟ ಎರಡನ್ನೂ ಮುಗಿಸುವ ಪ್ಲಾನ್ ಹಾಕುತ್ತಾರೆ. ಕಣಿವೆಯ ಪಿನ್ಯಾವೊಗೆ ರೈಲಿನಲ್ಲಿ ಹೋಗಲಿಕ್ಕೇ ಸುಮಾರು ಎರಡೂವರೆ ಗಂಟೆ ಬೇಕು. ಎರಡೂ ಅರೆಬರೆಯಾಗುತ್ತವೆ. ಹೇಗೂ ಆ ಕಣಿವೆಯ ದ್ರಾಕ್ಷಿಯಿಂದ ಮಾಡುವ ಸಿಹಿಯಾದ, ಬಲವಾದ ಪೋರ್ಟ್ ವೈನ್ ಹಣ್ಣಾಗುವ ದೊಡ್ಡ ಗೋದಾಮುಗಳು ಡೌರೊ ಹೊಳೆಯ ಎದುರು ದಡದಲ್ಲೇ, ಗಾಯಾ ಎಂಬ ಊರಿನಲ್ಲಿವೆ. ಬೇಸಿಗೆಯಲ್ಲಿ ಕಣಿವೆ ಕಾದ ಕಾವಲಿ. ಕಡಲಿಗೆ ಹತ್ತಿರದ ಗಾಯಾದಲ್ಲಿ ತಂಪು, ತೇವ. ಪೀಪಾಯಿಗಳು ಇಲ್ಲಿಗೆ ಬಂದದ್ದು ಅದಕ್ಕೇ. ಇಲ್ಲಿ ಕಣಿವೆಯಂಥ ದ್ರಾಕ್ಷಿತೋಟ ಕಾಣುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿದು ಹೋಗಿ.

ಊರು ಇಳಿಜಾರು, ಹಾಗಾಗಿ ಮೇಲಿನಿಂದ ಕೆಳಗೆ ನಡೆಯಿರಿ. ಕ್ಲೆರಿಗೊಸ್ ಗೋಪುರದ 225 ಮೆಟ್ಟಿಲು ಬೆಳಿಗ್ಗೆಯೇ ಹತ್ತಬೇಕು, ವೈನ್ ಕುಡಿದ ಮೇಲಲ್ಲ. ಅಲ್ಲಿಂದ ಸಾವೊ ಬೆಂಟೊ ರೈಲು ನಿಲ್ದಾಣ. ಒಳಗಿನ ಗೋಡೆಗಳಲ್ಲಿ ಕಲಾವಿದ ಜಾರ್ಜ್ ಕೊಲಾಸೊ ಚಿತ್ರ ಬಿಡಿಸಿದ ಸುಮಾರು 20,000 ನೀಲಿ ಟೈಲ್ಸ್‌ಗಳಿವೆ, ಟಿಕೆಟ್ಟೇ ಬೇಡ. ಕೆಥೆಡ್ರಲ್ ಪಕ್ಕದ ಮೆಟ್ಟಿಲೋಣಿಗಳಲ್ಲಿ ರಿಬೇರಾ ದಡಕ್ಕೆ ಇಳಿಯಿರಿ. ಮಳೆ ಬಿದ್ದರೆ ಆ ಕಲ್ಲುಹಾಸು ವಿಪರೀತ ಜಾರುತ್ತದೆ, ನುಣುಪಾದ ಅಟ್ಟೆಯ ಶೂ ಬೇಡವೇ ಬೇಡ.

ಊಟ ಮುಗಿಸಿಯೇ ಹೊಳೆ ದಾಟಿ. ಸಸ್ಯಾಹಾರಿಗಳು ಕಾಲ್ಡೊ ವೆರ್ಡೆ ಎಂಬ ಸೊಪ್ಪಿನ ಸೂಪನ್ನು ನಂಬಬೇಡಿ, ಅದರಲ್ಲಿ ಸಾಮಾನ್ಯವಾಗಿ ಹಂದಿಮಾಂಸದ ಸಾಸೇಜಿನ ತುಂಡು ತೇಲುತ್ತಿರುತ್ತದೆ. 1886ರ ಲೂಯಿಸ್ ಸೇತುವೆಗೆ ಎರಡು ಅಂತಸ್ತು. ಹೋಗುವಾಗ ಕೆಳಗಿನದರಲ್ಲಿ ನಡೆದು ಹೋಗಿ.

ಗೋದಾಮು ಒಂದೇ ಸಾಕು, ಮುಂಗಡ ಬುಕ್ ಮಾಡಿ. ಎರಡನೆಯದರಲ್ಲೂ ಅದೇ ಕಥೆ: ರಸದ ಸಕ್ಕರೆ ಅರ್ಧದಷ್ಟು ಹುದುಗುವಾಗಲೇ ನಾಲ್ಕು ಪಾಲು ರಸಕ್ಕೆ ಸುಮಾರು ಒಂದು ಪಾಲು, 77% ಆಲ್ಕೋಹಾಲಿನ ದ್ರಾಕ್ಷಿ ಸಾರಾಯಿ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಉಳಿಯುತ್ತದೆ, ಬಲ 20%ರ ಆಸುಪಾಸಿಗೆ ಏರುತ್ತದೆ. ಜನ ಎಡವುವುದು ಇಲ್ಲೇ. ಸಿಹಿಯಾಗಿದೆಯೆಂದು ಶರಬತ್ತಿನ ಹಾಗೆ ಮೂರು ಗ್ಲಾಸ್ ಇಳಿಸುತ್ತಾರೆ, ಆಮೇಲೆ ಗುಡ್ಡ ಹತ್ತಲಾಗುವುದಿಲ್ಲ.

ಕೊಳ್ಳುವುದಾದರೆ ಟಾನಿ ಎಂಬ ಬಗೆಯ ಪೋರ್ಟ್. ಸುಮಾರು 550 ಲೀಟರಿನ ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿಯ ಸೋಂಕಿನಲ್ಲಿದ್ದು ಇಟ್ಟಿಗೆ ಬಣ್ಣಕ್ಕೆ ತಿರುಗಿದ ವೈನದು, ತೆರೆದ ಮೇಲೂ ಫ್ರಿಜ್‌ನಲ್ಲಿ ಕೆಲವು ವಾರ ಕೆಡುವುದಿಲ್ಲ. ಒಂದೇ ವರ್ಷದ ಬೆಳೆಯಿಂದ ಮಾಡಿ ಹೆಚ್ಚಾಗಿ ಬಾಟಲಿಯಲ್ಲೇ ಹಣ್ಣಾಗುವ ವಿಂಟೇಜ್‌ಗೆ ಹೆಸರು ದೊಡ್ಡದು, ಆದರೆ ಬಾಟಲಿ ತಳದಲ್ಲಿ ಚರಟ ಕೂರುತ್ತದೆ, ತೆರೆದರೆ ಸೋಸಿ ಒಂದೆರಡು ದಿನದಲ್ಲಿ ಖಾಲಿ ಮಾಡಬೇಕು. ಊರಿಗೆ ಹೊತ್ತು ತರುವ ವಸ್ತುವಲ್ಲ.

ವಾಪಸು ಬರಲು ಕೇಬಲ್ ಕಾರಿನಲ್ಲಿ ಜಾರ್ಡಿಂ ದೊ ಮೊರೊ ಎಂಬ ಗುಡ್ಡದ ಮೇಲಿನ ಉದ್ಯಾನಕ್ಕೆ ಏರಿ, ಸೇತುವೆಯ ಮೇಲಂತಸ್ತಿನ ಮೆಟ್ರೊದಲ್ಲಿ ಒಂದೇ ಸ್ಟಾಪ್, ಸಾವೊ ಬೆಂಟೊ. ಗೇಟ್ ಇಲ್ಲವೆಂದು ಹಾಗೇ ಹತ್ತಬೇಡಿ, ಟಿಕೆಟ್ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸದಿದ್ದರೆ ದಂಡ.

ಬಾಟಲಿಗಳು ಚೆಕ್‌-ಇನ್ ಬ್ಯಾಗಿನಲ್ಲೇ ಇರಲಿ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್, 750 ಮಿಲಿಯ ಮೂರನೇ ಬಾಟಲಿಗೆ ಅದು ಮೀರುತ್ತದೆ.