ದೋಣಿ ಕೈತಪ್ಪಿ ಹೋದಾಗ ನಿಮ್ಮ ಮೈಮೇಲೆ ಏನಿರುತ್ತದೆ?

ಕಯಾಕ್, ಕೆನೂ ಅನ್ನುವ, ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಗಳನ್ನು ಹೊಸದಾಗಿ ಹಿಡಿದವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ಅಪಾಯಕ್ಕೆ ಸಿಕ್ಕಿಕೊಂಡರೆ ಸಹಾಯ ಕರೆಯೋಕೆ ಯಾವ ಸಾಧನ ತಗೊಳ್ಳಲಿ?" ಫೋನ್ ಸಾಕಾ, ರೇಡಿಯೋ ಬೇಕಾ, ಸ್ಯಾಟಲೈಟ್‌ದೇ ಆಗಬೇಕಾ? ನಾನು ತಿರುಗಿ ಕೇಳುವುದೂ ಒಂದೇ. "ತಗೊಂಡು ಎಲ್ಲಿ ಇಟ್ಕೊಳ್ತೀರಿ?"

ಯಾಕೆ ಹೀಗೆ ಕೇಳುತ್ತೇನೆ ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಕೆರೆಯಲ್ಲಿ ನಾವಿಬ್ಬರು ಹೋಗಿದ್ದೆವು. ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಅಡ್ಡ ಬಂದ ಒಂದು ಅಲೆಗೆ ನನ್ನ ಕಯಾಕ್ ಮಗುಚಿಕೊಂಡಿತು. ಫೋನ್ ಇತ್ತು. ಚಾರ್ಜ್ ತುಂಬಿತ್ತು, ನೀರು ಹೋಗದ ಚೀಲದಲ್ಲಿ ಭದ್ರವಾಗಿತ್ತು. ಆದರೆ ಆ ಚೀಲ ಇದ್ದದ್ದು ಸೀಟಿನ ಹಿಂದಿನ ಹ್ಯಾಚ್‌ನೊಳಗೆ, ಅಂದರೆ ಸಾಮಾನು ಇಡುವ ಮುಚ್ಚಳದ ಗೂಡಿನೊಳಗೆ. ನಾನು ಮೇಲೆ ಬಂದು, ಕೆಮ್ಮಿ, ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ದೋಣಿ ಐದಾರು ಮಾರು ಆಚೆ ಹೋಗಿತ್ತು. ಈಜಿದೆ. ನಾನು ಒಂದು ಮಾರು ಹೋದರೆ ಅದು ಎರಡು ಮಾರು ಹೋಗುತ್ತಿತ್ತು. ಖಾಲಿ ದೋಣಿ ಗಾಳಿಗೆ ಎಲೆಯ ಹಾಗೆ ತೇಲಿಹೋಗುತ್ತದೆ.

ಗೆಳೆಯ ಮುಂದೆ ಇದ್ದ. ಕೂಗಿದೆ, ಗಾಳಿ ನನ್ನ ಕಡೆಗೇ ಬೀಸುತ್ತಿದ್ದರಿಂದ ಕೇಳಿಸಲಿಲ್ಲ. ಕೊನೆಗೆ ಅವನು ತಿರುಗಿ ನೋಡಿದ್ದು ಲೈಫ್ ಜಾಕೆಟ್‌ನ ಭುಜಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಸೀಟಿಯಿಂದ. ಮೂರು ಸಲ ಜೋರಾಗಿ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ಅವತ್ತು ನನ್ನ ಹತ್ತಿರ ನಿಜವಾಗಿ ಇದ್ದದ್ದು ಆ ಸೀಟಿ ಒಂದೇ.

ಅಂದಿನಿಂದ ನನಗೆ ಇದು ಖಚಿತ. ಸಾಧನ ಮೈಮೇಲೆ ಇರಬೇಕು. ಡೆಕ್ ಮೇಲಲ್ಲ, ಹ್ಯಾಚ್‌ನಲ್ಲಲ್ಲ, ಜೊತೆಗಾರರ ದೋಣಿಯಲ್ಲಂತೂ ಅಲ್ಲ. ಜಾಕೆಟ್‌ನ ಎದೆಯ ಜೇಬು ಅದರ ಜಾಗ. ಒಂದೇ ಕೈಯಲ್ಲಿ, ಎಡಗೈ ಆದರೂ ಸರಿ, ಬಲಗೈ ಆದರೂ ಸರಿ, ತೆಗೆಯಲು ಬರಬೇಕು. ಜಾರಿ ಮುಳುಗದಂತೆ ಒಂದು ಗಿಡ್ಡ ದಾರ ಕಟ್ಟಿರಬೇಕು. ರಭಸದ ಹೊಳೆಯಲ್ಲಿ ಹೋಗುವವರು ಉದ್ದ ದಾರ ಕಟ್ಟಲೇಬೇಡಿ, ಕೊಂಬೆಗೋ ಬಂಡೆಗೋ ಸುತ್ತಿಕೊಂಡರೆ ಅದೇ ಅಪಾಯ.

ತಣ್ಣೀರಿನ ವಿಷಯ ಬೇರೆಯೇ ಹೇಳಬೇಕು. ಕೆನಡಾದ ಗೋರ್ಡನ್ ಗೀಸ್‌ಬ್ರೆಕ್ಟ್ ಅನ್ನುವ ವಿಜ್ಞಾನಿ ಮೈ ಕೊರೆಯುವ ನೀರಿನ ಬಗ್ಗೆ 1-10-1 ಅನ್ನುವ ಲೆಕ್ಕ ಹೇಳಿಕೊಟ್ಟಿದ್ದಾರೆ. ಬಿದ್ದ ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ತಂದುಕೊಳ್ಳುವುದಕ್ಕೇ ಬೇಕು. ಆಮೇಲೆ ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ನಡುವಿನ ಆ 10 ನಿಮಿಷವನ್ನು ಯೋಚಿಸಿ ನೋಡಿ. ಅಷ್ಟರೊಳಗೆ ಜಿಪ್ ಎಳೆಯಬೇಕು, ಮುಚ್ಚಳ ತೆಗೆಯಬೇಕು, ಗುಂಡಿ ಒತ್ತಬೇಕು. ಬೆರಳು ಮರಗಟ್ಟಿದ ಮೇಲೆ ಎಷ್ಟು ಒಳ್ಳೆಯ ಸಾಧನ ಇದ್ದರೂ ಅದನ್ನು ಬಳಸಲು ಆಗುವುದಿಲ್ಲ.

ಹಾಗಾಗಿ ಫೋನ್ ಒಂದನ್ನೇ ನಂಬಿಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಒದ್ದೆ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಕೇಳುವುದಿಲ್ಲ. ದಡದಿಂದ ಸ್ವಲ್ಪ ದೂರ ಹೋದರೆ, ಇಲ್ಲವೇ ಕಣಿವೆಗೆ ಇಳಿದರೆ ನೆಟ್‌ವರ್ಕ್ ಇರುವುದಿಲ್ಲ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. 2022ರಿಂದ ಐಫೋನ್‌ನಲ್ಲಿ ಸ್ಯಾಟಲೈಟ್ ಮೂಲಕ ಸಹಾಯ ಕೇಳುವ ಸೌಲಭ್ಯ ಬಂದಿದೆ, ನಿಜ. ಆದರೆ ಅದು ಎಲ್ಲ ದೇಶಗಳಲ್ಲೂ ಇಲ್ಲ. ಇರುವಲ್ಲೂ ಸ್ಕ್ರೀನ್ ನೋಡಿಕೊಂಡು ಫೋನನ್ನು ಸ್ಯಾಟಲೈಟ್ ಇರುವ ದಿಕ್ಕಿಗೆ ಹಿಡಿಯಬೇಕು. ಅಲೆಗಳ ನಡುವೆ ತೇಲುತ್ತಾ ಅದನ್ನು ಮಾಡುವುದು ಸುಲಭವಲ್ಲ. ಫೋನ್ ಒಯ್ಯಿರಿ, ಅದೂ ಎದೆಯ ಜೇಬಿನಲ್ಲೇ ಇರಲಿ. ಅದರ ಜೊತೆಗೆ ಇನ್ನೊಂದು ಸಾಧನ ಇರಲಿ.

ಸಮುದ್ರಕ್ಕೆ ಹೋಗುವವರಿಗೆ ನಾನು ಮೊದಲು ಹೇಳುವುದು ನೀರಲ್ಲಿ ತೇಲುವ ಕೈ ರೇಡಿಯೋ, ವಿಎಚ್‌ಎಫ್. ಅದರ ಬಲ ಏನು ಗೊತ್ತಾ? ಫೋನ್ ಒಬ್ಬರಿಗೆ ಮಾತ್ರ ಹೋಗುತ್ತದೆ. ರೇಡಿಯೋದಲ್ಲಿ 16ನೇ ಚಾನೆಲ್‌ನಲ್ಲಿ ಮಾತಾಡಿದರೆ ಸುತ್ತಮುತ್ತ ಕಿವಿಗೊಟ್ಟು ಕೂತ ಪ್ರತಿಯೊಂದು ಹಡಗು, ಮೀನುದೋಣಿ, ಕರಾವಳಿ ಕಾವಲಿನವರು ಎಲ್ಲರಿಗೂ ಒಟ್ಟಿಗೇ ಕೇಳುತ್ತದೆ. ಹತ್ತಿರದಲ್ಲಿ ಇರುವವರೇ ಬಂದು ಎತ್ತಿಕೊಳ್ಳಬಹುದು. ಡಿಎಸ್‌ಸಿ, ಅಂದರೆ ಮಾತಿಲ್ಲದೆ ತುರ್ತು ಕರೆ ಕಳಿಸುವ ಸೌಲಭ್ಯ, ಇರುವ ರೇಡಿಯೋ ಆದರೆ ಕೆಂಪು ಗುಂಡಿ ಒತ್ತಿ ಹಿಡಿದರೆ ಸಾಕು. ನಿಮ್ಮ ಗುರುತಿನ 9 ಅಂಕಿಯ ಸಂಖ್ಯೆ 70ನೇ ಚಾನೆಲ್‌ನಲ್ಲಿ ತಾನಾಗಿ ಹೋಗುತ್ತದೆ. ಒಳಗೆ ಜಿಪಿಎಸ್ ಇದ್ದರೆ ನೀವಿರುವ ಜಾಗವೂ ಹೋಗುತ್ತದೆ. ಆ ಸಂಖ್ಯೆಯನ್ನು ಮೊದಲೇ ಪಡೆದು ರೇಡಿಯೋಗೆ ತುಂಬಿರಬೇಕು, ಇಲ್ಲದಿದ್ದರೆ ಆ ಗುಂಡಿ ಕೆಲಸ ಮಾಡುವುದಿಲ್ಲ.

ರೇಡಿಯೋದ ಮಿತಿಯೂ ಗೊತ್ತಿರಲಿ. ಅದರ ಅಲೆ ಹೆಚ್ಚುಕಮ್ಮಿ ನೇರವಾಗಿ ಹೋಗುತ್ತದೆ, ಭೂಮಿಯ ಉಬ್ಬು ಅಡ್ಡ ಬರುತ್ತದೆ. ಕಯಾಕ್‌ನಲ್ಲಿ ಕೂತವರ ಆಂಟೆನಾ ನೀರಿನಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಇರುತ್ತದೆ. ಅಂಥ ಇಬ್ಬರ ನಡುವೆ ಲೆಕ್ಕದ ಪ್ರಕಾರ 8 ಕಿಲೋಮೀಟರ್ ಸಿಗಬಹುದು. ಇಬ್ಬರೂ ನೀರೊಳಗೇ ಇದ್ದರೆ ಇನ್ನೂ ಕಡಿಮೆ. ಅದೇ ದಡದಲ್ಲಿ 100 ಮೀಟರ್ ಎತ್ತರದ ಗೋಪುರ ಇದ್ದರೆ 40 ಕಿಲೋಮೀಟರ್ ದಾಟಬಹುದು. ಹಾಗಾಗಿ ರೇಡಿಯೋವನ್ನು ಆದಷ್ಟು ಎತ್ತರಕ್ಕೆ, ಆಂಟೆನಾ ನೆಟ್ಟಗೆ ನಿಲ್ಲುವ ಹಾಗೆ ಹಿಡಿಯಿರಿ. ಹೊಳೆಯಲ್ಲಿ, ಒಳನಾಡಿನ ಕೆರೆಯಲ್ಲಿ 16ನೇ ಚಾನೆಲ್ ಕೇಳುವವರೇ ಇಲ್ಲದಿರಬಹುದು. ಅಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ.

ದೂರದ, ಜನರಿಲ್ಲದ ನೀರಿಗೆ ಹೋಗುವವರಿಗೆ ನನ್ನ ಆಯ್ಕೆ ಪಿಎಲ್‌ಬಿ, ಅಂದರೆ ಪರ್ಸನಲ್ ಲೊಕೇಟರ್ ಬೀಕನ್. ಆಂಟೆನಾ ಬಿಚ್ಚಿ ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಕೂಗು ಹೊರಡುತ್ತದೆ. ಕೋಸ್ಪಾಸ್-ಸಾರ್ಸಾಟ್ ಉಪಗ್ರಹಗಳು ಅದನ್ನು ಹಿಡಿದು ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುತ್ತವೆ. ಈ ವ್ಯವಸ್ಥೆಯನ್ನು ಅಮೆರಿಕ, ಕೆನಡಾ, ಫ್ರಾನ್ಸ್, ಸೋವಿಯತ್ ಒಕ್ಕೂಟ ಸೇರಿ ಕಟ್ಟಿದವು. ಅದೂ ಶೀತಲ ಸಮರದ ಕಾಲದಲ್ಲಿ! 1982ರಿಂದ ಜೀವ ಉಳಿಸುತ್ತಿದೆ. ನೆನೆಸಿಕೊಂಡಾಗೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಇದಕ್ಕೆ ತಿಂಗಳ ಚಂದಾ ಇಲ್ಲ. ಬ್ಯಾಟರಿ ವರ್ಷಗಟ್ಟಲೆ ಸುಮ್ನೆ ಕಾಯುತ್ತದೆ, ಒತ್ತಿದ ಮೇಲೆ ಕಡಿಮೆ ಅಂದರೂ 24 ಗಂಟೆ ಕೂಗುತ್ತದೆ. ಹತ್ತಿರ ಬಂದ ಹೆಲಿಕಾಪ್ಟರ್‌ಗೆ ದಾರಿ ತೋರಿಸಲು 121.5 ಮೆಗಾಹರ್ಟ್ಸ್‌ನಲ್ಲೂ ಸದ್ದು ಮಾಡುತ್ತದೆ. ಆಂಟೆನಾಗೆ ತೆರೆದ ಆಕಾಶ ಕಾಣಬೇಕು ಅನ್ನುವುದನ್ನು ಮರೆಯಬೇಡಿ. ನೀರಲ್ಲಿ ಬಿಟ್ಟರೆ ತಾನಾಗಿ ತೇಲದ ಮಾದರಿಗಳೂ ಇವೆ. ಕೊಳ್ಳುವಾಗಲೇ ನೋಡಿಕೊಳ್ಳಿ.

ಹೆಚ್ಚಿನ ಪಿಎಲ್‌ಬಿಗಳಲ್ಲಿ ಉತ್ತರ ಬರುವುದಿಲ್ಲ ಅನ್ನುವುದು ನಿಜವಾದ ಕೊರತೆ. ಕೂಗು ಮುಟ್ಟಿತೋ ಇಲ್ಲವೋ ಅಂತ ಗೊತ್ತಾಗದೆ ಕಾಯುವುದು ಕಷ್ಟ, ಅಲ್ವಾ? ಕೆಲವು ಹೊಸ ಮಾದರಿಗಳಲ್ಲಿ ಮುಟ್ಟಿದ ಮೇಲೆ ಒಂದು ದೀಪ ಮಿನುಗುತ್ತದೆ. ಇನ್‌ರೀಚ್‌ನಂಥ ಸ್ಯಾಟಲೈಟ್ ಮೆಸೆಂಜರ್‌ನಲ್ಲಿ ಎರಡೂ ಕಡೆಯಿಂದ ಸಂದೇಶ ಹೋಗುತ್ತದೆ. "ಕಾಲು ಮುರಿದಿದೆ, ಆದರೆ ದಡದಲ್ಲಿದ್ದೇವೆ" ಅಂತ ಬರೆಯಬಹುದು. ಏನು ತರಬೇಕು ಅಂತ ಬರುವವರಿಗೆ ಮೊದಲೇ ತಿಳಿಯುತ್ತದೆ. ಹಲವು ದಿನದ ಕೆನೂ ಪಯಣಕ್ಕೆ ಇದು ಬಹಳ ಒಳ್ಳೆಯದು. ಆದರೆ ಚಂದಾ ಕಟ್ಟಿರಬೇಕು, ಚಾರ್ಜ್ ಮಾಡಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಪ್ರಯೋಜನವಿಲ್ಲ. ಇನ್ನೊಂದು ಮಾತು, ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಸ್ಯಾಟಲೈಟ್ ಸಾಧನ ಇಟ್ಟುಕೊಳ್ಳುವುದೇ ಅಪರಾಧ. ರೇಡಿಯೋಗೂ ಹಲವು ಕಡೆ ಪರವಾನಗಿ ಬೇಕು. ಹೋಗುವ ಜಾಗದ ಕಾನೂನು ಮೊದಲು ಓದಿ.

ಪಟಾಕಿಯಂಥ ಫ್ಲೇರ್, ಕನ್ನಡಿ, ಮಿನುಗುವ ದೀಪ ಇವೆಲ್ಲ ಕೊನೆಯ ಹಂತಕ್ಕೆ, ಹುಡುಕಿ ಬಂದವರ ಕಣ್ಣಿಗೆ ಬೀಳುವುದಕ್ಕೆ. ಅಲೆಗಳ ನಡುವೆ ಒಂದು ತಲೆ ಕಾಣುವುದು ತುಂಬಾ ಕಷ್ಟ. ಫ್ಲೇರ್ ಮೇಲಿನ ಕೊನೆಯ ದಿನಾಂಕ ನೋಡಿಕೊಳ್ಳಿ.

ದಯವಿಟ್ಟು ಅಭ್ಯಾಸ ಮಾಡಿ. ಸೊಂಟದ ಮಟ್ಟದ ನೀರಲ್ಲಿ, ಜೊತೆಗೆ ಒಬ್ಬರನ್ನು ಇಟ್ಟುಕೊಂಡು, ಬೇಕೆಂದೇ ಮಗುಚಿಕೊಳ್ಳಿ. ಕಣ್ಣು ಮುಚ್ಚಿ ರೇಡಿಯೋ ಹೊರಗೆ ತೆಗೆಯಿರಿ. ತುರ್ತು ಗುಂಡಿ ಮಾತ್ರ ಒತ್ತಬೇಡಿ. ಪಿಎಲ್‌ಬಿಗೆ ತಯಾರಕರು ಹೇಳಿದ ಪರೀಕ್ಷೆ ಮಾತ್ರ ಮಾಡಿ. ತಪ್ಪಿ ಒತ್ತಿದರೆ ಆಫ್ ಮಾಡಿ ಕೂತುಬಿಡಬೇಡಿ, ತಕ್ಷಣ ರಕ್ಷಣಾ ಕೇಂದ್ರಕ್ಕೆ ತಿಳಿಸಿ. ರೇಡಿಯೋದಲ್ಲಿ ಹೇಳಬೇಕಾದ ಮಾತನ್ನೂ ಬಾಯಿಪಾಠ ಮಾಡಿ. ಮೇಡೇ ಅಂತ ಮೂರು ಸಲ, ದೋಣಿಯ ಹೆಸರು, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ. ಗಾಬರಿಯಲ್ಲಿ ಬಾಯಿಗೆ ಬರುವುದು ಮೊದಲೇ ರೂಢಿಯಾದ ಮಾತು ಮಾತ್ರ.

ಪಿಎಲ್‌ಬಿಯನ್ನು ನೋಂದಾಯಿಸುವಾಗ ಮನೆಯವರ ನಂಬರ್ ಕೊಡುತ್ತೀರಲ್ಲ, ಕೂಗು ಬಂದಾಗ ರಕ್ಷಣಾ ಕೇಂದ್ರದವರು ಫೋನ್ ಮಾಡುವುದು ಅವರಿಗೇ. ನಿಜವಾಗಿ ನೀರಿಗೆ ಹೋಗಿದ್ದಾರಾ, ಎಷ್ಟು ಜನ, ಯಾವ ಬಣ್ಣದ ದೋಣಿ ಅಂತ ಕೇಳುತ್ತಾರೆ. ನಾನು ನನ್ನ ಅಕ್ಕನ ನಂಬರ್ ಕೊಟ್ಟಿದ್ದೇನೆ. ಪ್ರತಿ ಸಲ ಹೊರಡುವ ಮುಂಚೆ ದೋಣಿಯ ಪಕ್ಕ ಜಾಕೆಟ್ ಹಾಕಿಕೊಂಡು ನಿಂತ ಫೋಟೋ, ಎಲ್ಲಿಂದ ಎಲ್ಲಿಗೆ, ವಾಪಸ್ ಎಷ್ಟು ಗಂಟೆಗೆ, ಇಷ್ಟನ್ನೂ ಕಳಿಸುತ್ತೇನೆ. ಹೇಳಿದ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಅವಳ ಫ್ರಿಜ್ ಮೇಲೆ ಬರೆದು ಅಂಟಿಸಿದೆ.