ಸಾಧನೆಗೆ ಕಲರ್, ಸ್ಮರಣೆಗೆ ಬ್ಲ್ಯಾಕ್ ಅಂಡ್ ವೈಟ್

ಆ ಫಾರಂ ನಿಮಗೂ ಬಂದಿರಬೇಕು. ಒಮ್ಮೆ ಲಾ ಕಾಲೇಜಿನ ಮೆಟ್ಟಿಲು ಹತ್ತಿದವರನ್ನು ಅದು ಎಲ್ಲಿದ್ದರೂ ಹುಡುಕಿಕೊಂಡು ಬರುತ್ತದೆ, ಕೋರ್ಟಿನ ಸಮನ್ಸ್‌ಗಿಂತ ಚುರುಕಾಗಿ. ಹಳೆ ವಿದ್ಯಾರ್ಥಿಗಳ ಸ್ಮರಣ ಸಂಚಿಕೆಯಂತೆ. 'ತಮ್ಮ ವೃತ್ತಿಜೀವನದ ಮೈಲಿಗಲ್ಲುಗಳನ್ನು 50 ಪದ ಮೀರದಂತೆ ಬರೆದು ಕಳಿಸುವುದು.' ಕೆಳಗೆ ರೇಟು. ಪೂರ್ತಿ ಪುಟ ಕಲರ್ ಐದು ಸಾವಿರ, ಅರ್ಧ ಪುಟ ಮೂರು. ಅಗಲಿದ ಗೆಳೆಯರ ಸ್ಮರಣೆಗೆ ಕಾಲು ಪುಟ ಬ್ಲ್ಯಾಕ್ ಅಂಡ್ ವೈಟ್, ಒಂದು ಸಾವಿರ. ಇಬ್ಬರಿಗೂ ಒಂದೇ ಸೂಚನೆ: ಭಾವಚಿತ್ರ ಕೋಟು ಹಾಕಿದ್ದು, ಇತ್ತೀಚಿನದ್ದಾಗಿರಬೇಕು.

ಯಾವ ಕಾಲೇಜು ಅಂತ ಹೇಳುವುದಿಲ್ಲ. ಹಾಸನದ್ದಲ್ಲ, ಅಷ್ಟು ಸಾಕು. ನಾಳೆ ಬೆಳಿಗ್ಗೆ ನಾನು ಇದೇ ಊರಿನ ವಕೀಲರಿಗೆ ಕಾಫಿ ಪುಡಿ ಮಾರಬೇಕು.

ಇಷ್ಟು ವರ್ಷ ನಮ್ಮ ನೆನಪೇ ಇಲ್ಲದ ಕಾಲೇಜಿಗೆ ಈಗ ದಿಢೀರ್ ಪ್ರೀತಿ ಉಕ್ಕಿದ್ದು ಯಾಕೆ ಅಂತ ಯೋಚಿಸುತ್ತಿದ್ದೆ. ಆಮೇಲೆ ಗೊತ್ತಾಯಿತು, ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಬರುತ್ತಿದೆ. ನ್ಯಾಕ್ ಅಂಕಪಟ್ಟಿಯಲ್ಲಿ ಹಳೆ ವಿದ್ಯಾರ್ಥಿಗಳ ಜೊತೆಗಿನ ಒಡನಾಟಕ್ಕೇ ಒಂದು ಕಲಂ ಇದೆ, 5.4. ಅಂದರೆ ನಾವೆಲ್ಲ ಐದು ಬಿಂದು ನಾಲ್ಕು. ಮನೆಗೆ ಬೀಗರು ಬರುವಾಗ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕುವುದಿಲ್ಲವೇ, ಹಾಗೆ ನಮ್ಮನ್ನು ಇಳಿಸಿದ್ದಾರೆ. ಕಮಿಟಿ ಹೋದ ಮೇಲೆ ಮತ್ತೆ ಅಟ್ಟ.

ಫಾರಂ ಬಂದ ದಿನದಿಂದ ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೈಲಿಗಲ್ಲುಗಳ ಮಳೆ. ಒಬ್ಬ ಇನ್ನೋವಾ ತಗೊಂಡಿದ್ದನ್ನು ಬರೆದಿದ್ದಾನೆ. ಇನ್ನೊಬ್ಬ ಸಂಘದ ಜಂಟಿ ಕಾರ್ಯದರ್ಶಿ ಸ್ಥಾನಕ್ಕೆ 'ಎರಡು ಬಾರಿ ಸ್ಪರ್ಧೆ' ಅಂತ ಬರೆದಿದ್ದಾನೆ. ಗೆದ್ದನೇ ಅಂತ ಯಾರೂ ಕೇಳಲಿಲ್ಲ, ದೊಡ್ಡತನ. ಮತ್ತೊಬ್ಬನ ಮೈಲಿಗಲ್ಲು, ಒಬ್ಬ ನ್ಯಾಯಮೂರ್ತಿಗಳ ಜೊತೆ ಮದುವೆಮನೆಯಲ್ಲಿ ತೆಗೆಸಿಕೊಂಡ ಫೋಟೋ. ನ್ಯಾಯಮೂರ್ತಿಗಳು ಪಾಯಸದ ಕಡೆ ನೋಡುತ್ತಿದ್ದಾರೆ.

ಪಕ್ಕದ ಚಿಕ್ಕಮಗಳೂರು ಜಿಲ್ಲೆಯವರು ಎಚ್.ಎಲ್. ದತ್ತು. ಕಡೂರು, ತರೀಕೆರೆ, ಬೀರೂರಿನಲ್ಲಿ ಓದಿದ ಹುಡುಗ 2014ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಅದನ್ನು ಮೈಲಿಗಲ್ಲು ಅಂದರೆ ಒಪ್ಪೋಣ. ಇನ್ನೋವಾವನ್ನು ಏನಂತ ಒಪ್ಪುವುದು? ಅದಕ್ಕೆ ಲೋನು ಬೇರೆ ಇದೆ.

ಸುಮ್ನೆ ಒಂದು ಯೋಚನೆ ಬಂತು. ಈ ಫಾರಂ ಗಾಂಧೀಜಿಗೆ ಹೋಗಿದ್ದರೆ? 1891ರಲ್ಲಿ ಬ್ಯಾರಿಸ್ಟರ್. 1922ರಲ್ಲಿ ರಾಜದ್ರೋಹದ ಶಿಕ್ಷೆಯಾದ ಮೇಲೆ ಲಂಡನ್ನಿನ ಇನ್ನರ್ ಟೆಂಪಲ್ ಎಂಬ ಬ್ಯಾರಿಸ್ಟರುಗಳ ಸಂಘದವರು ಪಟ್ಟಿಯಿಂದ ಹೆಸರು ಹೊಡೆದು ಹಾಕಿದರು. ವಾಪಸ್ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು 40 ವರ್ಷವಾದ ಮೇಲೆ. ನಮ್ಮ ಸಂಚಿಕೆ ಸಮಿತಿ ತಲೆ ಕೆರೆದುಕೊಳ್ಳುತ್ತಿತ್ತು. ಮರುಸೇರ್ಪಡೆ ಅಂದರೆ ಸಾಧನೆ, ಕಲರ್. ಆದರೆ ಸಾಧನೆಯಾದಾಗ ಮನುಷ್ಯನೇ ಇಲ್ಲ, ಬ್ಲ್ಯಾಕ್ ಅಂಡ್ ವೈಟ್. ಕೊನೆಗೆ ಖಜಾಂಚಿ ಹೇಳುತ್ತಿದ್ದ, "ಎರಡಕ್ಕೂ ಹಾಕಿ ಸಾರ್, ಆರು ಸಾವಿರ." ಅಂದಹಾಗೆ, ಕೋಟು ಹಾಕಿರುವ ಇತ್ತೀಚಿನ ಭಾವಚಿತ್ರ ಇಲ್ಲದ ಕಾರಣಕ್ಕೆ ಅವರ ಅರ್ಜಿ ತಿರಸ್ಕಾರವಾಗುವ ಸಾಧ್ಯತೆಯೇ ಜಾಸ್ತಿ.

ಸಂಚಿಕೆ ಬಿಡಿ, ಅದನ್ನು ಓದುವವರು ಅದರಲ್ಲಿ ಫೋಟೋ ಇರುವವರು ಮಾತ್ರ. ಫ್ಲೆಕ್ಸ್ ಹಾಗಲ್ಲ, ಬಸ್ಸಿಗೆ ಕಾಯುವವರೂ ಓದಲೇಬೇಕು. 'ನೋಟರಿಯಾಗಿ ನೇಮಕಗೊಂಡ ನಮ್ಮ ನೆಚ್ಚಿನ ಅಣ್ಣನಿಗೆ ಹಾರ್ದಿಕ ಅಭಿನಂದನೆಗಳು.' ಅಣ್ಣ ಕೋಟು ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದಾರೆ. ಯಾರ ಜೊತೆಗೋ ದೇವರೇ ಬಲ್ಲ. ಕೆಳಗೆ ಶುಭ ಕೋರುವವರ ಇಪ್ಪತ್ತು ಮುಖ, ಅದರಲ್ಲಿ ಎರಡು ಮುಖ ಎರಡೆರಡು ಸಲ. ನೋಟರಿಯಾಗಲು ಸಾಮಾನ್ಯವಾಗಿ 10 ವರ್ಷ ಪ್ರಾಕ್ಟೀಸ್ ಆಗಿರಬೇಕು. ಹತ್ತು ವರ್ಷ ಕಾದವರು ಒಂದು ಫ್ಲೆಕ್ಸ್ ಹಾಕಿಸಿಕೊಂಡರೆ ನಿಮ್ಮ ಗಂಟೇನು ಹೋಯಿತು ಅಂತ ಕೇಳಬಹುದು. ನನ್ನದೇನೂ ಹೋಗಲಿಲ್ಲ. ಹೋಗಿದ್ದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36. ವಕೀಲರು ಜಾಹೀರಾತು ಮಾಡಿಕೊಳ್ಳಬಾರದು ಅನ್ನುತ್ತದೆ ಅದು. ಬೋರ್ಡು ಹದವಾದ ಅಳತೆಯದ್ದಾಗಿರಬೇಕು. ಅದರ ಮೇಲೆ ಸಂಘದ ಅಧ್ಯಕ್ಷ, ಮಾಜಿ ಅಧ್ಯಕ್ಷ ಅಂತ ಹಾಕಬಾರದು. ಇಂಥ ಕೇಸಿನಲ್ಲಿ ಪರಿಣತ ಅಂತಲೂ ಹಾಕಬಾರದು. ನಿಯಮ ಬರೆದವರು ಬುದ್ಧಿವಂತರೇ. ಪಾಪ, ಅವರು ಫ್ಲೆಕ್ಸ್ ಮಷಿನ್ ನೋಡಿರಲಿಲ್ಲ.

ಅಣ್ಣನನ್ನು ಕೇಳಿ ನೋಡಿ. "ಹುಡುಗರು ಹಾಕಿಬಿಟ್ಟವರೆ ಕಣ್ರೀ, ನಂಗೆ ಗೊತ್ತೇ ಇಲ್ಲ." ಫೋಟೋ ಸ್ಟುಡಿಯೋದಲ್ಲಿ ಲೈಟು ಬಿಟ್ಟು ತೆಗೆದಿದ್ದು, ಅದೂ ಗೊತ್ತಿಲ್ಲ. ಫ್ಲೆಕ್ಸನ್ನು ನಮ್ಮ ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದ್ದು, ಅದಂತೂ ಗೊತ್ತೇ ಇಲ್ಲ. ಕಾನೂನು ಗೊತ್ತಿಲ್ಲ ಅನ್ನುವುದು ತಪ್ಪಿಸಿಕೊಳ್ಳಲು ದಾರಿಯಲ್ಲ ಅಂತ ನಮಗೆ ಮೊದಲ ಸೆಮಿಸ್ಟರಿನಲ್ಲೇ ಕಲಿಸಿದ್ದರು. ಅವತ್ತು ಅಣ್ಣ ರಜೆ ಹಾಕಿದ್ದರು ಅಂತ ಕಾಣುತ್ತದೆ.

ಇನ್ನು ಸ್ಮರಣೆಗೆ ಬರೋಣ. ನನ್ನ ಅಣ್ಣತಮ್ಮಂದಿರ ಮೇಲೆ ಒಂದು ಪಾಲಿನ ದಾವೆ ಇದೆ, ಜಿಲ್ಲೆಯ ಯಾವುದೋ ಒಂದು ತಾಲ್ಲೂಕು ಕೋರ್ಟಿನಲ್ಲಿ. ಕಾನೂನು ಓದಿದವನೇ ಕಕ್ಷಿದಾರನಾಗುವುದು ಅಂದರೆ ಡಾಕ್ಟರಿಗೆ ಜ್ವರ ಬಂದ ಹಾಗೆ, ಎಲ್ಲರಿಗೂ ಒಳಗೊಳಗೇ ಖುಷಿ. ಹೋದ ತಿಂಗಳ ವಾಯಿದೆಗೆ ಹೋದೆ. ಕೋರ್ಟ್ ಹಾಲ್ ಖಾಲಿ. ಹಿರಿಯ ವಕೀಲರೊಬ್ಬರು ತೀರಿಕೊಂಡಿದ್ದರು, ಸಂತಾಪ ಸಭೆ, ಕಲಾಪವಿಲ್ಲ. ಎರಡು ನಿಮಿಷ ಮೌನ. ಮೂರನೇ ನಿಮಿಷಕ್ಕೆ ಕ್ಯಾಂಟೀನಿನಲ್ಲಿ ಕೂರಲು ಜಾಗವಿಲ್ಲ. ಬೆಂಚ್ ಕ್ಲರ್ಕ್ ಎರಡು ತಿಂಗಳ ಮುಂದಿನ ತಾರೀಖು ಕೊಟ್ಟರು. ಎರಡು ನಿಮಿಷಕ್ಕೆ ಎರಡು ತಿಂಗಳು ಬಡ್ಡಿ. ನಮ್ಮೂರ ಮೀಟರ್ ಬಡ್ಡಿಯವರೂ ಇಷ್ಟು ಹಾಕುವುದಿಲ್ಲ.

ಸತ್ತವರಿಗೆ ಗೌರವ ಕೊಡಬೇಡಿ ಅಂತಲ್ಲ. ಕಾನೂನು ಆಯೋಗ 2017ರ ತನ್ನ 266ನೇ ವರದಿಯಲ್ಲಿ ದೇಶದ ವಕೀಲರು ಕೆಲಸ ನಿಲ್ಲಿಸಿದ ಕಾರಣಗಳನ್ನು ಪಟ್ಟಿ ಮಾಡಿದೆ. ಪಾಕಿಸ್ತಾನದ ಶಾಲೆಯಲ್ಲಿ ಬಾಂಬ್ ಸಿಡಿದಿದ್ದು, ಶ್ರೀಲಂಕಾದ ಸಂವಿಧಾನ ತಿದ್ದಿದ್ದು, ನೇಪಾಳದ ಭೂಕಂಪ, ನೆಂಟರ ಸಾವು, ಜೋರು ಮಳೆ, ಕೊನೆಗೆ ಕವಿಗೋಷ್ಠಿ. ಜೋರು ಮಳೆ ಅನ್ನುವುದು ನನಗೆ ಬಹಳ ಹಿಡಿಸಿತು. ಆ ಲೆಕ್ಕದಲ್ಲಿ ಸಕಲೇಶಪುರದ ಕೋರ್ಟಿಗೆ ಜೂನ್‌ನಲ್ಲಿ ಬೀಗ ಹಾಕಿದರೆ ಗಣೇಶನ ಹಬ್ಬದ ಮೇಲೇ ತೆಗೆಯಬೇಕು. ಉತ್ತರಾಖಂಡದ ಮೂರು ಜಿಲ್ಲೆಗಳಲ್ಲಂತೂ ವಕೀಲರು 35 ವರ್ಷದಿಂದ ಶನಿವಾರ ಕೋರ್ಟಿಗೇ ಹೋಗುತ್ತಿರಲಿಲ್ಲ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅದು ಕಾನೂನುಬಾಹಿರ ಅಂತ ಹೇಳಬೇಕಾಯಿತು. ಮೂವತ್ತೈದು ವರ್ಷ! ಇಂಥ ಶಿಸ್ತಿನ ವ್ರತ ನಮ್ಮ ಶನಿದೇವರಿಗೂ ಯಾರೂ ಮಾಡಿಲ್ಲ.

ಅವತ್ತು ಕೋರ್ಟಿನ ಜಗುಲಿಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಅದರ ಮೇಲೇ ರೊಟ್ಟಿಯ ಗಂಟು. "ಇವತ್ತೂ ಇಲ್ವಾ ಮಗ?" ಅಂದರು. ಯಾರೋ ವಕೀಲರು ಹೋಗ್ಬಿಟ್ರಂತೆ ಅಂದೆ. "ಅಯ್ಯೋ ಪಾಪ" ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅಲ್ಲೇ ಕೂತು ರೊಟ್ಟಿ ಬಿಚ್ಚಿದರು. ಆ ಸಭೆಗೆ ಬಂದವರ ಪೈಕಿ ಆವತ್ತು ಅತ್ತಿದ್ದು ಅವರೊಬ್ಬರೇ ಇರಬೇಕು.

ನನ್ನ ಬ್ಯಾಚ್‌ಮೇಟ್ ಒಬ್ಬನಿದ್ದ, ಅರಕಲಗೂಡು ಕಡೆಯವನು. ಏಳು ವರ್ಷ ಒಬ್ಬರ ಹತ್ತಿರ ಜೂನಿಯರ್. ಸೀನಿಯರ್ ಕೊಡುತ್ತಿದ್ದದ್ದು ಯುಗಾದಿಗೆ ಮುನ್ನೂರು ರೂಪಾಯಿ, ದೀಪಾವಳಿಗೆ ಒಂದು ಬಾಕ್ಸ್ ಸ್ವೀಟು. ಉಳಿದಂತೆ ಬಸ್ ಚಾರ್ಜ್ ಅವನದೇ, ಟೈಪಿಂಗ್ ದುಡ್ಡೂ ಎಷ್ಟೋ ಸಲ ಅವನದೇ. ಆಮೇಲೆ, 2024ರಲ್ಲಿ, ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸುತ್ತೋಲೆ ಹೊರಡಿಸಿತು: ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮೀಣ ಭಾಗದಲ್ಲಿ 15 ಸಾವಿರ ಕೊಡಿ ಅಂತ. ಬರೀ ಶಿಫಾರಸು. ಹಾಸನದಲ್ಲಿ ಯಾರಿಗಾದರೂ ಸಿಕ್ಕಿದ್ದರೆ ಅಂಗಡಿಗೆ ಬನ್ನಿ, ಕಾಲು ಕೇಜಿ ಪುಡಿ ಫ್ರೀ, ಚಿಕೋರಿ ಇಲ್ಲದ್ದು.

ಅವನು ಮೂರು ವರ್ಷದ ಹಿಂದೆ ಹೋದ. ಹೃದಯ. ಆವತ್ತೂ ಸಂತಾಪ ಸಭೆ ಆಯಿತು, ಆವತ್ತೂ ಕಲಾಪ ನಿಂತಿತು. ಬದುಕಿದ್ದಾಗ ಅವನಿಗೊಂದು ಕುರ್ಚಿ ಕೊಡದವರೆಲ್ಲ ಅವನ ಸರಳತೆಯನ್ನು ಹೊಗಳಿದರು. ಸರಳತೆ ಅಲ್ಲ ಸ್ವಾಮಿ ಅದು, ದುಡ್ಡಿರಲಿಲ್ಲ. ಕರಿ ಕೋಟು ಕಂದು ಬಣ್ಣಕ್ಕೆ ತಿರುಗಿತ್ತು, ಹೊಸದು ಹೊಲಿಸಲು ಆಗಿರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು. ನನಗೂ ಕಂಡಿತ್ತು. ನಾನೂ ಹೊಲಿಸಿಕೊಡಲಿಲ್ಲ.

ನನ್ನ ಮೈಲಿಗಲ್ಲು ನಾನು ಕಳಿಸಲಿಲ್ಲ. ಎರಡು ವರ್ಷಕ್ಕೇ ಕೋಟು ಬಿಚ್ಚಿಟ್ಟವನು ಬರೆಯುವುದೇನು, ಕಾಫಿ-ಚಿಕೋರಿಯ ಎಂಬತ್ತು-ಇಪ್ಪತ್ತರ ಹದವಾ? ಅವನದ್ದು ಬರೆದೆ. 50 ಪದಕ್ಕೆ ಕೂತರೆ 38ಕ್ಕೇ ಮುಗಿಯಿತು. ಸಾವಿರ ಕಟ್ಟಿದೆ. ಅವನ ಹೆಂಡತಿಯಿಂದ ಒಂದು ಫೋಟೋ ತರಿಸಿದೆ, ಹಾಸನಾಂಬ ಜಾತ್ರೆಯಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಿರುವುದು. ಅರ್ಧ ತೋಳಿನ ಅಂಗಿ.

ಸಂಜೆ ಸಮಿತಿಯ ಹುಡುಗ ಫೋನ್ ಮಾಡಿದ.

"ಸಾರ್, ಫೋಟೋದಲ್ಲಿ ಕೋಟಿಲ್ಲ."

ಅವನ ಹತ್ತಿರ ಇದ್ದದ್ದೇ ಅಷ್ಟು ಕಣಪ್ಪ ಅಂದೆ.

"ಪರವಾಗಿಲ್ಲ ಬಿಡಿ ಸಾರ್, ಪಾಪುನ ತೆಗೆದು ಕೋಟು ನಾವೇ ಹಾಕಿಸ್ತೀವಿ, ಫೋಟೋಶಾಪಲ್ಲಿ. ಇನ್ನೂರು ಎಕ್ಸ್‌ಟ್ರಾ ಆಗುತ್ತೆ."