ಆಟಿಕೆ ಅಂದಿದ್ದು ಒಪ್ಪಲ್ಲ
'ಇಂಪಾಲಾ ಪಕ್ಕ ನಿಲ್ಲಿಸಿದರೆ ಪ್ರೀಮಿಯರ್ ಪದ್ಮಿನಿ ಆಟಿಕೆ' ಎಂದು ಹಳೆಯ ಕಾರುಗಳ ಬಗ್ಗೆ ಬರೆದಿದ್ದೀರಿ. ಕಾಣಲಿ ಬಿಡಿ. ಅಮೆರಿಕದ ಷೆವರ್ಲೆ ಕಂಪನಿಯ 1965ರ ಇಂಪಾಲಾ ಸುಮಾರು 5.4 ಮೀಟರ್ ಉದ್ದ, ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಪದ್ಮಿನಿ 4 ಮೀಟರೂ ಇಲ್ಲ. ಆದರೆ ನಮ್ಮ ಪದ್ಮಿನಿಯ ಗೇರ್ ಲಿವರ್ ಸ್ಟೀರಿಂಗ್ ಪಕ್ಕದಲ್ಲೇ ಇತ್ತು, ಮುಂದಿನ ಸೀಟು ಬೆಂಚಿನ ಹಾಗೆ. ಅಪ್ಪ, ಅಮ್ಮ, ನಡುವೆ ನಾನು! ಚಳಿಗಾಲದ ಬೆಳಿಗ್ಗೆ ತಣ್ಣಗಾದ ಎಂಜಿನ್ ಚಾಲೂ ಮಾಡಲು ಚೋಕ್ ಎಳೆದಾಗ ಬರುತ್ತಿದ್ದ ಪೆಟ್ರೋಲ್ ವಾಸನೆ ಇನ್ನೂ ಮೂಗಲ್ಲಿದೆ. 1089 ಸಿಸಿ ಎಂಜಿನ್, ಬಾನೆಟ್ ಎತ್ತಿದರೆ ಎಲ್ಲ ಕೈಗೆ ಸಿಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಅಪ್ಪನೇ ಉಜ್ಜುತ್ತಿದ್ದರು. ಇಂಪಾಲಾದ ಎಂಟು ಸಿಲಿಂಡರಿನ ವಿ8 ಎಂಜಿನ್ ಸದ್ದು ಚೆಂದ, ಅದು ಒಪ್ಪಿದೆ. ಆದರೆ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹಬ್ಬದ ಹಿಂದಿನ ಸಂಜೆ ಅದನ್ನು ಪಾರ್ಕ್ ಮಾಡಿ ತೋರಿಸಿ ನೋಡೋಣ.